ಮನೆಮಾತಿಗೆ ಮೇಷ್ಟ್ರಾದಾಗ

ಮೈಸೂರಿನ ಎ.ಕೆ. ರಾಮಾನುಜನ್ ತಮಿಳು ವ್ಯಾಕರಣದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದದ್ದು 1963ರಲ್ಲಿ. ಅದು ಕೈಗೆ ಬರುವ ಮೊದಲೇ, 1962ರಲ್ಲಿ, ಶಿಕಾಗೋದಲ್ಲಿ ದ್ರಾವಿಡ ಭಾಷೆಗಳ ಮೇಷ್ಟ್ರಾಗಿದ್ದರು. ತಾಯಿಯೊಡನೆ ಆಡಿದ ಮಾತನ್ನು ಪರದೇಶದ ಹುಡುಗರಿಗೆ ಬಿಡಿಸಿ ಹೇಳುವಾಗ ಅದು ಅವರಿಗೇ ಹೊಸದಾಗಿ ಕಂಡಿರಬೇಕು. ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಸಂಕಲನದ ಕನ್ನಡದಲ್ಲಿ ನನಗೆ ಕಾಣುವುದು ಆ ಎಚ್ಚರವೇ: ಪ್ರತಿ ಮಾತೂ ತೂಗಿ ಇಟ್ಟದ್ದು. ಅದನ್ನು ಒಣಕಲು ಎಂದು ಓದಿದರೆ ತಪ್ಪುತ್ತೇವೆ.

ಈ ಎಚ್ಚರ ಕಲಿಯಲು ಕಳಸ, ಮೂಡಿಗೆರೆಯ ನಾವು ಶಿಕಾಗೋಗೆ ಹೋಗಬೇಕಿಲ್ಲ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಬರೆಯುವುದು ಕನ್ನಡ. ಕತೆಯಲ್ಲಿ ‘ದಸ್ತರ್‌ಖಾನ್’ ಎಂದು ಬರೆದು, ಪಕ್ಕದಲ್ಲಿ ಅರ್ಥ ಹಾಕಲೇ ಎಂದು ತಡೆಯುತ್ತೇವೆ. ಹಾಕಬಾರದು. ಬಟ್ಟೆ ಹಾಸಿ, ಸುತ್ತ ಮನೆಯವರನ್ನು ಊಟಕ್ಕೆ ಕೂರಿಸಿದರೆ ಸಾಕು; ಓದುಗ ತಾನೇ ಕಲಿಯುತ್ತಾನೆ.