ಶೇ. 95 ಎಂಬ ಸಂಖ್ಯೆ ಎಲ್ಲಿಂದ ಬಂತು?

ಇ-ಸಿಗರೇಟಿನ ಅಪಾಯವನ್ನು ಕುರಿತ ಚರ್ಚೆಗಳಲ್ಲಿ ಎರಡು ಸಂಖ್ಯೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಎರಡೂ ಪ್ರಚಾರಕ್ಕೆ ಬಂದದ್ದು 2015ರಲ್ಲಿ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಕಿರುಪತ್ರ ಪ್ರಕಟಿಸಿದರು. ಇ-ಸಿಗರೇಟಿನಲ್ಲಿ ಹುಟ್ಟುವ ಫಾರ್ಮಾಲ್ಡಿಹೈಡ್‌ನಿಂದಾಗುವ ಕ್ಯಾನ್ಸರ್ ಅಪಾಯವು ಸಿಗರೇಟಿನ ಫಾರ್ಮಾಲ್ಡಿಹೈಡ್‌ನಿಂದಾಗುವ ಅಪಾಯಕ್ಕಿಂತ 5ರಿಂದ 15 ಪಟ್ಟು ಹೆಚ್ಚಿರಬಹುದೆಂಬುದು ಅದರ ತಾತ್ಪರ್ಯ. ಆಗಸ್ಟ್‌ನಲ್ಲಿ 'ಪಬ್ಲಿಕ್ ಹೆಲ್ತ್ ಇಂಗ್ಲೆಂಡ್' ಎಂಬ ಸರ್ಕಾರಿ ಸಂಸ್ಥೆ (2021ರಲ್ಲಿ ಅದನ್ನು ವಿಸರ್ಜಿಸಲಾಯಿತು) ಇ-ಸಿಗರೇಟು ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರ ಎಂದು ಸಾರಿತು. ಓದುಗರು ತಮಗೆ ಹಿಡಿಸಿದ ಸಂಖ್ಯೆಯನ್ನು ಆರಿಸಿಕೊಂಡರು. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಒಂದು ಸಂಖ್ಯೆಯನ್ನು ಹೇಗೆ ಪಡೆದರು, ಅದು ಯಾವುದರ ಅಳತೆ ಎಂದು ಕೇಳಲು ವೈದ್ಯನಾಗಬೇಕಿಲ್ಲ.

ಮೊದಲು ಸಾಧನಗಳ ವಿಷಯ. ಸಿಗರೇಟಿನಲ್ಲಿ ದಹನ ನಡೆಯುತ್ತದೆ. ದಮ್ಮು ಎಳೆದಾಗ ಅದರ ತುದಿಯ ತಾಪ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಎಲೆ ಪೂರ್ತಿ ಉರಿಯದೆ, ಕಾರ್ಬನ್ ಮಾನಾಕ್ಸೈಡ್ ಮತ್ತು ಟಾರ್ ಸೇರಿದಂತೆ ಸುಮಾರು 7000 ರಾಸಾಯನಿಕಗಳು ಹೊಗೆಯಲ್ಲಿ ಬರುತ್ತವೆ. ಇವುಗಳಲ್ಲಿ ಕ್ಯಾನ್ಸರ್‌ಕಾರಕವೆಂದು ಗುರುತಿಸಿರುವುವೇ ಸುಮಾರು 70. ಇ-ಸಿಗರೇಟಿನಲ್ಲಿ ದಹನವಿಲ್ಲ. ವಿದ್ಯುತ್ಕೋಶದಿಂದ ಕಾಯುವ ತಂತಿಯ ಸುರುಳಿ, ಬತ್ತಿ ಹೀರಿದ ದ್ರವವನ್ನು ಆವಿಯಾಗಿಸುತ್ತದೆ. ದ್ರವವೆಂದರೆ ಮುಖ್ಯವಾಗಿ ಪ್ರಾಪಿಲೀನ್ ಗ್ಲೈಕಾಲ್ (ಕುದಿಬಿಂದು 188 ಡಿಗ್ರಿ) ಮತ್ತು ಗ್ಲಿಸರಾಲ್ (290 ಡಿಗ್ರಿ), ಜೊತೆಗೆ ನಿಕೋಟಿನ್ ಮತ್ತು ಪರಿಮಳ ದ್ರವ್ಯಗಳು. ಬತ್ತಿ ಒದ್ದೆಯಾಗಿರುವವರೆಗೆ ತಾಪ ಈ ಕುದಿಬಿಂದುಗಳ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನೀರಿರುವ ತನಕ ಪಾತ್ರೆ 100 ಡಿಗ್ರಿ ಮೀರುವುದಿಲ್ಲ, ನೀರು ಆರಿದೊಡನೆ ತಳ ಹಿಡಿಯುತ್ತದೆ.

ಈ ತಳ ಹಿಡಿಯುವುದರಲ್ಲೇ ಮೊದಲನೆಯ ಸಂಖ್ಯೆಯ ಗುಟ್ಟಿದೆ. ಪೋರ್ಟ್‌ಲೆಂಡ್ ವಿಜ್ಞಾನಿಗಳು ಸಾಧನವನ್ನು 3.3 ವೋಲ್ಟ್‌ನಲ್ಲಿ ನಡೆಸಿದಾಗ ಫಾರ್ಮಾಲ್ಡಿಹೈಡ್ ಬಿಡುವ ಸಂಯುಕ್ತಗಳು ಪತ್ತೆಯಾಗಲೇ ಇಲ್ಲ. 5 ವೋಲ್ಟ್‌ಗೆ ಏರಿಸಿದಾಗ ಧಾರಾಳವಾಗಿ ಸಿಕ್ಕವು. ದಿನಕ್ಕೆ 3 ಮಿಲಿಲೀಟರ್ ದ್ರವ ಸೇದುವವನಿಗೆ 14.4 ಮಿಲಿಗ್ರಾಂ ಎಂದು ಅವರು ಲೆಕ್ಕ ಹಾಕಿದರು. ಒಂದು ಪ್ಯಾಕ್ ಸಿಗರೇಟಿನಿಂದ ಬರುವುದು ಸುಮಾರು 3 ಮಿಲಿಗ್ರಾಂ. 3.3ರಿಂದ 5ಕ್ಕೆ ಏರಿಸುವುದು ಕೇಳಲು ಸಣ್ಣದು. ಆದರೆ ಕಾಯುವ ತಂತಿಗೆ ಸಿಗುವ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಪಿಯುಸಿ ವಿದ್ಯಾರ್ಥಿಯೂ ಬಲ್ಲ. ರೋಧ 2 ಓಮ್ ಎಂದಿಟ್ಟುಕೊಂಡರೆ 5.4 ವಾಟ್ ಇದ್ದದ್ದು 12.5 ವಾಟ್ ಆಗುತ್ತದೆ, ಅಂದರೆ 2.3 ಪಟ್ಟು. ಬತ್ತಿ ಅಷ್ಟೇ ವೇಗದಲ್ಲಿ ದ್ರವ ಹೀರಿ ಒದಗಿಸದಿದ್ದರೆ ಅದು ಒಣಗಿ, ಗ್ಲಿಸರಾಲ್ ಆವಿಯಾಗುವ ಬದಲು ವಿಭಜನೆಗೊಳ್ಳುತ್ತದೆ. ಗ್ರೀಸ್‌ನ ಫರ್ಸಾಲಿನೋಸ್ ಮತ್ತು ಸಂಗಡಿಗರು ಅದೇ ವರ್ಷ ಇದನ್ನು ಪರೀಕ್ಷಿಸಿದರು. ಅನುಭವಿ ಬಳಕೆದಾರರು ಸೀದ ರುಚಿ ತಾಳಲಾರದೆ ಬಾಯಿಂದ ತೆಗೆಯುವ ಸ್ಥಿತಿಯಲ್ಲಿ ಮಾತ್ರ ಆಲ್ಡಿಹೈಡ್‌ಗಳು ಹಲವು ಪಟ್ಟು ಏರಿದ್ದವು. ಯಂತ್ರಕ್ಕೆ ನಾಲಗೆಯಿಲ್ಲ, ಅದು ಸೀದದ್ದನ್ನೂ ಎಳೆಯುತ್ತಲೇ ಇರುತ್ತದೆ!

ಹಾಗೆಂದು ಆ ಕಿರುಪತ್ರ ಸುಳ್ಳಲ್ಲ. ಅವರು ಅಳೆದದ್ದು ಅಲ್ಲಿತ್ತು. ಅಳತೆಯಿಂದ ಅಪಾಯಕ್ಕೆ ಜಿಗಿಯುವಾಗ ಎರಡು ಊಹೆಗಳು ಸೇರಿಕೊಂಡವು: ಬಳಕೆದಾರ ದಿನವಿಡೀ ಆ ಸ್ಥಿತಿಯಲ್ಲೇ ಸೇದುತ್ತಾನೆ ಎಂಬುದು ಒಂದು, ಈ ಸಂಯುಕ್ತಗಳು ಅನಿಲರೂಪದ ಫಾರ್ಮಾಲ್ಡಿಹೈಡ್‌ನಷ್ಟೇ ಅಪಾಯಕರ ಎಂಬುದು ಇನ್ನೊಂದು. ಎರಡನೆಯದು ಊಹೆಯೆಂದು ಲೇಖಕರೇ ಬರೆದಿದ್ದರು. ಪತ್ರಿಕೆಗಳ ತಲೆಬರಹದಲ್ಲಿ ಎರಡೂ ಉದುರಿಹೋದವು. ಸಿಗರೇಟಿನ ಹೊಗೆಯಲ್ಲಿ ಫಾರ್ಮಾಲ್ಡಿಹೈಡ್ ಒಂದೇ ಅಲ್ಲ ಎಂಬುದೂ ಮರೆತುಹೋಯಿತು.

ಈಗ ಶೇ. 95. ಇದನ್ನು ಯಾವ ಪ್ರಯೋಗಾಲಯದಲ್ಲೂ ಅಳೆದಿಲ್ಲ. ಮುಖ್ಯ ಆಧಾರ, ಬ್ರಿಟನ್ನಿನ ಡೇವಿಡ್ ನಟ್ ಮತ್ತು ಇತರರು 2014ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ತಜ್ಞರ ಗುಂಪೊಂದು ಕಲೆತು, ನಿಕೋಟಿನ್ ಇರುವ 12 ಬಗೆಯ ಉತ್ಪನ್ನಗಳಿಗೆ 14 ಮಾನದಂಡಗಳಲ್ಲಿ ಅಂಕ ನೀಡಿತು. ಮಾನದಂಡಗಳ ತೂಕವನ್ನೂ ಅವರೇ ನಿರ್ಧರಿಸಿದರು. ಸಿಗರೇಟಿಗೆ ಹೆಚ್ಚುಕಡಿಮೆ 100 ಬಂದರೆ ಇ-ಸಿಗರೇಟಿಗೆ ಸುಮಾರು 4 ಬಂತು. ಗಮನಿಸಬೇಕಾದ ಮಾತೆಂದರೆ, ಈ ಹದಿನಾಲ್ಕರಲ್ಲಿ ಸಾವು ಮತ್ತು ಕಾಯಿಲೆಯ ಜೊತೆಗೆ ಅಪರಾಧ, ಪರಿಸರ ಹಾನಿ, ಆರ್ಥಿಕ ವೆಚ್ಚಗಳೂ ಇದ್ದವು. ಬಳಸುವವನ ಶ್ವಾಸಕೋಶದ ಅಳತೆಯೆಂದು ಜನ ತಿಳಿದದ್ದು, ವಾಸ್ತವವಾಗಿ ಇಡೀ ಸಮಾಜಕ್ಕೆ ಆಗುವ ಹಾನಿಯ ಅಂದಾಜು. ಬಹುಪಾಲು ಉತ್ಪನ್ನಗಳ ಬಗ್ಗೆ ಗಟ್ಟಿ ಪುರಾವೆ ಇಲ್ಲವೆಂದು ಪ್ರಬಂಧದಲ್ಲೇ ಹೇಳಿತ್ತು. 'ಲ್ಯಾನ್ಸೆಟ್' ಪತ್ರಿಕೆ 2015ರ ಸಂಪಾದಕೀಯದಲ್ಲಿ ಈ ಆಧಾರವನ್ನು ಕಟುವಾಗಿ ಟೀಕಿಸಿದ್ದು ಸರಿಯೇ. ಅನುಭವಸ್ಥರ ಅಂದಾಜಿಗೆ ಬೆಲೆಯಿದೆ. ಆದರೆ ಅಂದಾಜಿಗೆ ಎರಡಂಕಿಯ ನಿಖರತೆ ತೊಡಿಸಿದರೆ ಅದು ಅಳತೆಯಾಗುವುದಿಲ್ಲ. ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ದೋಷಮಿತಿ ಬರೆಯದೆ ಉತ್ತರ ಕೊಟ್ಟ ವಿದ್ಯಾರ್ಥಿಗೆ ಅಂಕ ಕಳೆಯುತ್ತೇವೆ.

ಇನ್ನೂ ಆಳವಾದ ತೊಡಕೊಂದಿದೆ. ವಿಷ ಇಪ್ಪತ್ತರಲ್ಲೊಂದು ಭಾಗವಾದರೆ ಹಾನಿಯೂ ಇಪ್ಪತ್ತರಲ್ಲೊಂದು ಭಾಗ ಎಂದು ನಮ್ಮ ಮನಸ್ಸು ತಾನಾಗಿ ಸರಳರೇಖೆ ಎಳೆದುಬಿಡುತ್ತದೆ. ಶರೀರ ಹಾಗೆ ನಡೆದುಕೊಳ್ಳುವುದಿಲ್ಲ. 2018ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ 141 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ದಿನಕ್ಕೆ 20 ಸಿಗರೇಟು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದ ಹೆಚ್ಚುಕಡಿಮೆ ಅರ್ಧದಷ್ಟು, ದಿನಕ್ಕೆ ಒಂದೇ ಸೇದುವವರಿಗೂ ಇತ್ತು. ಹೃದಯದ ಮಟ್ಟಿಗೆ ವಕ್ರರೇಖೆ ಆರಂಭದಲ್ಲೇ ಕಡಿದಾಗಿ ಏರುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಕಥೆ ಬೇರೆ. ಅಲ್ಲಿ ಎಷ್ಟು ವರ್ಷ ಸೇದಿದರು ಎಂಬುದೇ ಪ್ರಧಾನ. ಇಂಗ್ಲೆಂಡಿನ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಮೇಲೆಯೇ, ಜೀವನಪರ್ಯಂತ ಸಿಗರೇಟು ಸೇದುವವರು ಸರಾಸರಿ ಹತ್ತು ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆಂದು 2004ರಲ್ಲಿ ಖಚಿತವಾಗಿ ಹೇಳಲು ಸಾಧ್ಯವಾದದ್ದು. ಚೀನಾದ ಹೋನ್ ಲಿಕ್ ಇಂದಿನ ಮಾದರಿಯ ಇ-ಸಿಗರೇಟು ರೂಪಿಸಿದ್ದು 2003ರಲ್ಲಿ. ಹೃದಯ, ಕ್ಯಾನ್ಸರ್ ಎರಡನ್ನೂ ಒಂದೇ ಶೇಕಡಾಂಶದಲ್ಲಿ ಕಟ್ಟಿಹಾಕಲು ಬರುವುದಿಲ್ಲ.

ಇದಕ್ಕಿಂತ ನೇರವಾದ ಸಾಕ್ಷ್ಯವೂ ಇದೆ. 2017ರಲ್ಲಿ ಇಂಗ್ಲೆಂಡಿನಲ್ಲಿ 181 ಜನರ ಮೂತ್ರ, ಜೊಲ್ಲುಗಳನ್ನು ಪರೀಕ್ಷಿಸಿದರು. ಸಿಗರೇಟು ಪೂರ್ತಿ ಬಿಟ್ಟು ದೀರ್ಘಕಾಲ ಇ-ಸಿಗರೇಟು ಮಾತ್ರ ಬಳಸಿದವರಲ್ಲಿ ತಂಬಾಕಿನ ವಿಶಿಷ್ಟ ಕ್ಯಾನ್ಸರ್‌ಕಾರಕಗಳ ಸುಳಿವು ತೀರಾ ಕಡಿಮೆಯಿತ್ತು. ಎರಡನ್ನೂ ಸೇದುತ್ತಿದ್ದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಪೂರ್ತಿ ಬದಲಾಯಿಸಿದವನಿಗೆ ಲಾಭವಿದೆ, ಅದೂ ಸಣ್ಣದಲ್ಲ. ಇಷ್ಟನ್ನು ಒಪ್ಪಲು ನನಗೆ ಶೇ. 95ರ ಅಗತ್ಯ ಕಾಣುವುದಿಲ್ಲ. ಸಿಗರೇಟನ್ನೇ ಮುಟ್ಟದ ಹದಿಹರೆಯದವನಿಗೆ ಈ ಹೋಲಿಕೆ ಅನ್ವಯಿಸುವುದೇ ಇಲ್ಲ. ಅವನು ಹೋಲಿಸಬೇಕಾದ್ದು ಶುದ್ಧ ಗಾಳಿಯೊಡನೆ.

2019ರಲ್ಲಿ ಅಮೆರಿಕದಲ್ಲಿ ಕಂಡ ಶ್ವಾಸಕೋಶದ ಹಾನಿಯನ್ನೂ ಈ ವಾದಕ್ಕೆ ಎಳೆಯುವುದುಂಟು. 2020ರ ಫೆಬ್ರವರಿವರೆಗೆ 68 ಜನ ಸತ್ತರು. 51 ರೋಗಿಗಳ ಶ್ವಾಸಕೋಶದ ದ್ರವ ಪರೀಕ್ಷಿಸಿದಾಗ 48 ಜನರಲ್ಲಿ ವಿಟಮಿನ್ ಇ ಅಸಿಟೇಟ್ ಇತ್ತು. ಗಾಂಜಾ ಸಾರದ ದ್ರವಗಳಿಗೆ ಬೆರೆಸುತ್ತಿದ್ದ ವಸ್ತು ಅದು. ನಿಕೋಟಿನ್ ದ್ರವದ ಲೆಕ್ಕಕ್ಕೆ ಅದನ್ನು ಸೇರಿಸುವುದು ಸಲ್ಲದು.

ನಮ್ಮಲ್ಲಿ ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟು ಮಾರಾಟವನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯಿದೆ ತಯಾರಿಕೆ, ಆಮದು, ಜಾಹೀರಾತುಗಳನ್ನೂ ನಿಲ್ಲಿಸಿತು. ಸಿಗರೇಟು, ಬೀಡಿ ಅಂಗಡಿಯಲ್ಲಿ ಸಿಗುತ್ತಲೇ ಇವೆ. ಪರವಾಗಿಯೂ ವಿರುದ್ಧವಾಗಿಯೂ ಇಲ್ಲಿ ಉದ್ಧರಿಸುವುದು ಅದೇ ಬ್ರಿಟಿಷ್ ಅಂಕಪಟ್ಟಿಯನ್ನು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ನಟ್ ಅವರ ಆ 12 ಉತ್ಪನ್ನಗಳ ಪಟ್ಟಿಯಲ್ಲಿ ಬೀಡಿ ಇಲ್ಲ.