ಒಂದು ಹೊಸ ಅಕ್ಷಹೃದಯ

ಜೂಜನ್ನು ಕುರಿತ ಸಾಹಿತ್ಯವು ಬಹುಮಟ್ಟಿಗೆ ಸೋತವರ ಸಾಹಿತ್ಯ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಕೇಳಿಬರುವುದು ಮನೆಯನ್ನೂ ಮಡದಿಯನ್ನೂ ಕಳೆದುಕೊಂಡ ಜೂಜುಗಾರನ ಅಳಲು. ಭಾರತದ ಸಭಾಪರ್ವದಲ್ಲಿ ಧರ್ಮರಾಯನ ಸರ್ವಸ್ವವೂ ಒಂದೇ ಕೂಟದಲ್ಲಿ ಕರಗಿಹೋಗುತ್ತದೆ. ಗೆದ್ದವರು ಬರೆದ ಕೈಪಿಡಿಗಳಿಗೇನೂ ಕೊರತೆಯಿಲ್ಲ; ಆದರೆ ಅವುಗಳಲ್ಲಿ ಸಾಹಿತ್ಯವೆನಿಸಿಕೊಳ್ಳುವವು ವಿರಳ. ಮರಿಯಾ ಕೊನ್ನಿಕೋವಾ ಎಂಬ ವಿದುಷಿ ಇಂಗ್ಲಿಷಿನಲ್ಲಿ ಬರೆದು 2020ರಲ್ಲಿ ಪ್ರಕಟಿಸಿದ ‘ದಿ ಬಿಗ್ಗೆಸ್ಟ್ ಬ್ಲಫ್’ ಎಂಬ ಗ್ರಂಥವು ಈ ವಿರಳವಾದವುಗಳಲ್ಲೊಂದು.

ಗ್ರಂಥಕರ್ತ್ರಿಯು ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಮಿಶೆಲ್ಲರ ಶಿಷ್ಯೆಯಾಗಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ತನಗೆ ರೋಗ, ಮನೆಯವರಿಗೆ ಉದ್ಯೋಗನಷ್ಟ, ಹೀಗೆ ಕಷ್ಟಗಳು ಒಂದರ ಮೇಲೊಂದು ಬಂದಾಗ ಮನುಷ್ಯನ ಬಾಳಿನಲ್ಲಿ ದೈವದ ಪಾಲೆಷ್ಟು, ಪೌರುಷದ ಪಾಲೆಷ್ಟು ಎಂಬ ಹಳೆಯ ಪ್ರಶ್ನೆ ಆಕೆಯನ್ನು ಕಾಡಿತು. ಗಣಿತಜ್ಞ ಜಾನ್ ಫಾನ್ ನಾಯ್ಮನ್ನನು ಮನುಷ್ಯವ್ಯವಹಾರಕ್ಕೆ ಮಾದರಿಯಾಗಿ ಚದುರಂಗವನ್ನು ಒಪ್ಪದೆ ಪೋಕರ್ ಆಟವನ್ನು ಆರಿಸಿಕೊಂಡಿದ್ದನು; ಚದುರಂಗದಲ್ಲಿ ಎಲ್ಲವೂ ಕಣ್ಣೆದುರಿಗಿದೆ, ಪೋಕರಿನಲ್ಲಿ ಮುಖ್ಯವಾದುದು ಮುಚ್ಚಿದೆ. ಇದನ್ನೋದಿದ ಕೊನ್ನಿಕೋವಾ ಆ ಆಟದಲ್ಲಿ ಹೆಸರಾದ ಎರಿಕ್ ಸೈಡೆಲ್ಲನನ್ನು ಗುರುವಾಗಿ ವರಿಸಿದಳು. ಇಸ್ಪೀಟಿನ ಕಟ್ಟಿನಲ್ಲಿ ಎಲೆಗಳೆಷ್ಟೆಂಬುದು ಕೂಡ ಆಗ ಆಕೆಗೆ ತಿಳಿದಿರಲಿಲ್ಲವಂತೆ!

ಆಟದ ಕ್ರಮ ಸರಳ. ಪ್ರತಿಯೊಬ್ಬನ ಕೈಯಲ್ಲಿ ಗುಟ್ಟಾದ ಎರಡು ಎಲೆ. ನಡುವೆ ಎಲ್ಲರಿಗೂ ಸಲ್ಲುವ ಐದು ಎಲೆಗಳು ಹಂತಹಂತವಾಗಿ ತೆರೆಯುತ್ತವೆ. ಹಂತಹಂತಕ್ಕೂ ಪಣವೊಡ್ಡಬಹುದು, ಇಲ್ಲವೆ ಎಲೆಗಳನ್ನು ಕೆಳಗಿಟ್ಟು ಸರಿಯಬಹುದು. ಆದುದರಿಂದ ಬರಿಗೈಯವನೂ ಎದುರಾಳಿಗಳನ್ನು ಹೆದರಿಸಿ ಗೆಲ್ಲಬಲ್ಲನು. ಗ್ರಂಥದ ಹೆಸರಿನಲ್ಲಿರುವ ‘ಬ್ಲಫ್’ ಎಂದರೆ ಇದೇ.

ಆದರೆ ಗ್ರಂಥದ ತಿರುಳು ಈ ಸೋಗಿನಲ್ಲಿಲ್ಲ, ಸೋಲನ್ನು ನೋಡುವ ಬಗೆಯಲ್ಲಿದೆ. ಒಬ್ಬನ ಕೈಯಲ್ಲಿ ಎರಡು ಎಕ್ಕ, ಇನ್ನೊಬ್ಬನ ಕೈಯಲ್ಲಿ ಎರಡು ರಾಜ ಇವೆಯೆಂದು ಭಾವಿಸೋಣ. ಎಕ್ಕದವನು ಇದ್ದುದೆಲ್ಲವನ್ನೂ ಒಡ್ಡಿದರೆ ಅವನ ನಿರ್ಣಯದಲ್ಲಿ ಎಳ್ಳಷ್ಟೂ ದೋಷವಿಲ್ಲ. ಆದರೂ ಹೆಚ್ಚುಕಡಮೆ ಐದು ಸಲಕ್ಕೆ ಒಂದು ಸಲ ಅವನು ಸೋತೇ ಸೋಲುತ್ತಾನೆ. ಲೆಕ್ಕವು ಇದನ್ನು ಒಪ್ಪುತ್ತದೆ, ಮನಸ್ಸು ಒಪ್ಪದು. ಸೋತವನು ತನ್ನ ಹಣೆಬರಹವನ್ನು ಹಳಿಯುತ್ತ, ಕಳೆದುದನ್ನು ಈಗಲೇ ಮರಳಿ ಪಡೆಯುವೆನೆಂದು ಕೆರಳಿ ಮುಂದಿನ ಆಟಗಳಲ್ಲಿ ನಿಜವಾದ ತಪ್ಪುಗಳನ್ನು ಮಾಡತೊಡಗುತ್ತಾನೆ. ಶಿಷ್ಯೆಯು ಇಂತಹ ದುರದೃಷ್ಟದ ಕಥೆಯೊಂದನ್ನು ತಂದಾಗ ಸೈಡೆಲ್ಲನು ಅದಕ್ಕೆ ಕಿವಿಗೊಡುವುದಿಲ್ಲ. ಹೇಗೆ ಸೋತೆಯೆಂಬುದು ಅವನಿಗೆ ಬೇಡ. ಯಾವ ಹಂತದಲ್ಲಿ ಏನನ್ನು ಯೋಚಿಸಿದೆ, ಏಕೆ ಹಾಗೆ ಮಾಡಿದೆ ಎಂಬುದಷ್ಟೇ ಬೇಕು. ಗ್ರಂಥದಲ್ಲಿ ಇದಕ್ಕಿಂತ ಸೊಗಸಾದ ಭಾಗ ಇನ್ನೊಂದಿಲ್ಲ. ದುಃಖವನ್ನು ಹೇಳಿಕೊಳ್ಳುವುದರಿಂದ ಹಗುರವಾಗುತ್ತದೆಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ: ಹೇಳಿಕೊಂಡಷ್ಟೂ ಆಟಗಾರನು ಕರ್ತನೆಂಬ ಪದವಿಯನ್ನು ಬಿಟ್ಟು ವಿಧಿಯ ಬಲಿಪಶುವಾಗುತ್ತಾನೆ.

ಧರ್ಮರಾಯನ ಮನಸ್ಸೂ ಈ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಶಕುನಿಯ ಕೈಚಳಕವೊಂದೇ ಅವನನ್ನು ಕೆಡಿಸಿದ್ದಲ್ಲ. ಕರೆದ ಮೇಲೆ ಹಿಂತೆಗೆಯುವುದು ತನಗೆ ಸಲ್ಲದೆಂಬ ವ್ರತವೂ ಕೆಡಿಸಿತು. ಪೋಕರಿನಲ್ಲಿ ನುರಿತವನು ದಿನವೆಲ್ಲ ಮಾಡುವ ಕೆಲಸವೇ ಹಿಂತೆಗೆಯುವುದು.

ಇಲ್ಲಿ ದೊಸ್ತೊಯೆವ್‌ಸ್ಕಿಯ ನೆನಪು ಬಾರದಿರದು. ಚಿತ್ತವನ್ನು ಕ್ಷಣಮಾತ್ರವೂ ಕದಡಗೊಡದವನು ರೂಲೆಟ್ ಚಕ್ರದೆದುರು ಸೋಲಲಾರನೆಂದು ಆ ಮಹಾಲೇಖಕನು ನಂಬಿದ್ದನು. 1866ರಲ್ಲಿ ‘ಜೂಜುಗಾರ’ ಎಂಬ ಕಾದಂಬರಿಯನ್ನು ಹೇಳಿ ಬರೆಯಿಸಿದ ಮೇಲೂ ಕೆಲವು ವರ್ಷ ಆ ಚಕ್ರದ ಮುಂದೆ ಕಳೆದುಕೊಳ್ಳುತ್ತಲೇ ಇದ್ದನು. ಚಕ್ರಕ್ಕೆ ಮನಸ್ಸಿಲ್ಲ, ಆಡುವವನು ಶಾಂತನೋ ಉದ್ವಿಗ್ನನೋ ಅದಕ್ಕೆ ತಿಳಿಯದು. ಪೋಕರಿನಲ್ಲಿ ಎದುರಿಗಿರುವುದು ಇನ್ನೊಂದು ಮನಸ್ಸು; ಅದು ಕದಡಿದಾಗ ಕದಡದವನಿಗೆ ಲಾಭ. ದೊಸ್ತೊಯೆವ್‌ಸ್ಕಿ ಕಂಡ ಸತ್ಯವು ಸತ್ಯವೇ, ಆದರೆ ಆ ಆಟಕ್ಕೆ ಸಲ್ಲುವುದಲ್ಲ.

ಮುಖವನ್ನೋದುವ ವಿದ್ಯೆಯ ಬಗೆಗೂ ಗ್ರಂಥಕರ್ತ್ರಿಗೆ ಭ್ರಮೆಯಿಲ್ಲ. ಮೈಕೆಲ್ ಸ್ಲೆಪಿಯನ್ ಮೊದಲಾದ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನುರಿತ ಆಟಗಾರರ ಮುಖವನ್ನಷ್ಟೇ ಕಂಡವರು ಅವರ ಎಲೆಗಳ ಬಲವನ್ನು ಊಹಿಸಲಾರದೆ ಹೋದರು. ಪಣವನ್ನು ಮುಂದಕ್ಕೆ ನೂಕುವ ತೋಳುಗಳನ್ನಷ್ಟೇ ಕಂಡವರು ತಕ್ಕಮಟ್ಟಿಗೆ ಊಹಿಸಿದರು. ಮುಖವನ್ನು ಪಳಗಿಸಿದವನು ಕೈಯನ್ನು ಮರೆತಿರುತ್ತಾನೆ.

ಇಷ್ಟು ಗುಣಗಳುಳ್ಳ ಗ್ರಂಥದಲ್ಲಿ ಒಂದು ದೊಡ್ಡ ಲೋಪವಿದೆ. ಫಲದಿಂದ ನಿರ್ಣಯವನ್ನು ಅಳೆಯಬೇಡವೆಂದು ಪುಟಪುಟದಲ್ಲಿ ಸಾರುವ ಕಥೆಯು ತಾನು ಮಾತ್ರ ಫಲದ ಮೇಲೆಯೇ ನಿಂತಿದೆ. 2018ರ ಜನವರಿಯಲ್ಲಿ ಬಹಾಮಾ ದ್ವೀಪದಲ್ಲಿ ನಡೆದ ಪಂದ್ಯವೊಂದನ್ನು ಕೊನ್ನಿಕೋವಾ ಗೆದ್ದು 84,600 ಡಾಲರುಗಳನ್ನು ಪಡೆದಳು. ಇದೇ ಗುರು, ಇದೇ ಸಾಧನೆ, ಇದೇ ಸಮಚಿತ್ತ ಇದ್ದೂ ಕೊನೆಯ ಎಲೆ ಬೇರೆಯಾಗಿ ಬಿದ್ದಿದ್ದರೆ ಗ್ರಂಥವು ಇದೇ ರೂಪದಲ್ಲಿ ಹೊರಬರುತ್ತಿತ್ತೆ? ಅಷ್ಟೇ ವಿವೇಕದಿಂದ ಆಡಿ ಸೋತವರು ಇದ್ದೇ ಇರಬೇಕು. ಅವರ ಗ್ರಂಥಗಳನ್ನು ಅಚ್ಚುಹಾಕಿಸುವವರಿಲ್ಲ. ಈ ಸಂದೇಹವನ್ನು ಗ್ರಂಥಕರ್ತ್ರಿ ಮುಟ್ಟುತ್ತಾಳೆ, ಮುಟ್ಟಿ ಮುಂದೆ ಸಾಗುತ್ತಾಳೆ. ಗೆದ್ದ ಹಣವು ಸೋತವರ ಕಿಸೆಯಿಂದಲೇ ಬಂದುದೆಂಬ ಮಾತಿಗೂ ಸಲ್ಲಬೇಕಾದಷ್ಟು ಎಡೆ ದೊರೆತಿಲ್ಲ. ಇಸ್ಪೀಟಿನಿಂದ ಹಾಳಾದ ಮನೆಗಳನ್ನು ಕಂಡಿರುವ ವಾಚಕರಿಗೆ ಈ ಕೊರತೆ ಚುಚ್ಚದಿರದು.

ನಳೋಪಾಖ್ಯಾನದ ಕವಿ ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವನು. ಋತುಪರ್ಣನು ತಾರೆಮರದ ಎಲೆಗಳನ್ನೂ ಕಾಯಿಗಳನ್ನೂ ಎಣಿಸಿ ಹೇಳುತ್ತಾನೆ. ನಳನು ಅಶ್ವಹೃದಯವನ್ನು ಕೊಟ್ಟು ಅವನಿಂದ ಅಕ್ಷಹೃದಯವನ್ನು ಪಡೆಯುತ್ತಾನೆ. ಆ ವಿದ್ಯೆ ಬಂದೊಡನೆ ಕಲಿಯು ಅವನ ಮೈಯಿಂದ ಹೊರಬೀಳುತ್ತಾನೆ. ಅಲ್ಲಿಯೂ ಗೆಲವು ಬೇಕಾಯಿತು, ನಿಜ. ಆದರೆ ಆ ಗೆಲವಿನ ತರುವಾಯ ನಳನು ಸೋತ ಪುಷ್ಕರನನ್ನು ತಮ್ಮನೆಂದು ಕರೆದು, ಅವನ ಪಾಲನ್ನು ಅವನಿಗೆ ಒಪ್ಪಿಸಿ, ಊರಿಗೆ ಕಳುಹಿಸಿಕೊಡುವುದನ್ನು ಕವಿಯು ಬಿಡುವಾಗಿ ವರ್ಣಿಸುತ್ತಾನೆ.