ಎರಡು ಮಿಲಿಲೀಟರಿನ ಲೆಕ್ಕ

ಕಳೆದ ವರ್ಷ, ಅಂದರೆ 2025ರ ಮಾರ್ಚ್‌ನಲ್ಲಿ, ಮನ್‌ಹೈಮ್‌ನ ಒಂದು ಅಂಗಡಿಯಲ್ಲಿ 25 ಯೂರೋ ಕೊಟ್ಟು ಒಂದು ವೇಪ್ ಕೊಂಡೆ. ಬೆರಳುದ್ದದ್ದು, ಖಾಲಿಯಾದಾಗ ಮತ್ತೆ ತುಂಬಿಸಿಕೊಳ್ಳುವಂಥದ್ದು. ರಸೀದಿ ಬೇಕೇ ಎಂದು ಅಂಗಡಿಯವನು ಕೇಳಿದ. ಸಿಎ ಓದಿದವನಿಗೆ ಕೇಳಬಾರದ ಪ್ರಶ್ನೆ ಅದು. ಆ ರಸೀದಿಯೂ ಮುಂದಿನ ಹತ್ತು ತಿಂಗಳ ರಸೀದಿಗಳೂ ಒಂದು ಫೈಲಿನಲ್ಲಿವೆ. ಈ ವಿಮರ್ಶೆಗೆ ಆಧಾರ ಆ ಫೈಲು.

ಕಂಪನಿಯ ಹೆಸರು ಬರೆಯುವುದಿಲ್ಲ. ಶೆನ್‌ಝೆನ್ ಕಡೆಯಿಂದ ಬರುವ ಈ ಜಾತಿಯ ಯಂತ್ರಗಳು ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ: ಅಂಗಿಯ ಬಣ್ಣ ಬೇರೆ, ಮುಖ ಒಂದೇ. ಕೆಳಗೆ ಬ್ಯಾಟರಿ, ಮೇಲೆ ‘ಪಾಡ್’ ಎಂಬ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಹತ್ತಿ ಸುತ್ತಿದ ಕಾಯಿಲ್. ಬಾಯಿಂದ ಎಳೆದರೆ ಕಾಯಿಲ್ ಬಿಸಿಯಾಗಿ ಲಿಕ್ವಿಡ್ ಆವಿಯಾಗುತ್ತದೆ. ಗುಂಡಿ ಒತ್ತುವ ಗೊಡವೆಯೂ ಇಲ್ಲ. ಪಾಡ್‌ನಲ್ಲಿ ಹಿಡಿಯುವುದು 2 ಮಿಲಿಲೀಟರ್. ಇದು ತಯಾರಕರ ಜಿಪುಣತನವಲ್ಲ, ಯೂರೋಪಿಯನ್ ಒಕ್ಕೂಟದ 2014ರ ತಂಬಾಕು ನಿರ್ದೇಶನದ ಮಿತಿ. ನಿಕೋಟಿನ್ ಇರುವ ಲಿಕ್ವಿಡ್‌ನ ಸೀಸೆ 10 ಮಿಲಿಲೀಟರ್ ಮೀರಬಾರದು, ಒಂದು ಮಿಲಿಲೀಟರ್‌ನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದು ಎಂಬುದೂ ಅದರಲ್ಲೇ ಇದೆ. ಈ 2 ಮಿಲಿಲೀಟರ್ ಸಾಲದು ಎಂದು ಗೊಣಗದ ವೇಪ್ ಬಳಕೆದಾರ ಸಿಕ್ಕುವುದು ಕಷ್ಟ. ನಾನೂ ಗೊಣಗಿದವನೇ.

ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ, ಆಡಿಟ್ ಮುಗಿಯದ ರಾತ್ರಿಗಳಲ್ಲಿ, ಅರ್ಧ ಲೋಟ ಚಹಾದ ಜೊತೆ ಹತ್ತಿದ ಸಿಗರೇಟು ನನ್ನದು. ಇಪ್ಪತ್ತು ವರ್ಷ ದಾಟಿತ್ತು. ಹುಣಸೂರು ಕಡೆಯ ಹೊಗೆಸೊಪ್ಪು ಬೆಳೆಗಾರರ ಮನೆಯ ಮಗ ನಾನು. ಬ್ಯಾರನ್‌ನಲ್ಲಿ ಸೊಪ್ಪು ಬೇಯುವ ವಾಸನೆಯಲ್ಲೇ ಬೆಳೆದೆ. ಅಪ್ಪ ಮಾತ್ರ ಎಲೆಅಡಿಕೆ ಬಿಟ್ಟರೆ ಒಂದು ಬೀಡಿಯನ್ನೂ ಮುಟ್ಟಿದವರಲ್ಲ. ಬೆಳೆದವರು ಅವರು, ಸುಟ್ಟವನು ನಾನು.

ಮೊದಲು ಯಂತ್ರದ ಗುಣದೋಷ. ತುಂಬಿಸುವುದು ಸುಲಭ: ಪಕ್ಕದ ರಬ್ಬರ್ ಮುಚ್ಚಳ ಎತ್ತಿ, ಸೀಸೆಯ ಮೂತಿ ಚುಚ್ಚಿ ಹಿಂಡಿದರೆ ಆಯಿತು. ಹೊಸ ಪಾಡ್ ಆದರೆ ಹತ್ತು ನಿಮಿಷ ಕಾಯಬೇಕು, ಹತ್ತಿ ನೆನೆಯಬೇಕು. ಆತುರಪಟ್ಟು ಎಳೆದರೆ ಸುಟ್ಟ ಬಟ್ಟೆಯ ರುಚಿ ಗಂಟಲಿಗೆ ಇಳಿಯುತ್ತದೆ, ಆ ಪಾಡ್ ಮತ್ತೆ ಸರಿಹೋಗುವುದಿಲ್ಲ. ನಾನು ಎರಡು ಪಾಡ್ ಹೀಗೆ ಕಳೆದೆ. ಬ್ಯಾಟರಿ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುತ್ತದೆ, ಫೋನಿನ ಚಾರ್ಜರೇ ಸಾಕು. ಸೋರಿಕೆ ಇದೆ. ಹೆಚ್ಚಿನದು ನಿಜವಾದ ಸೋರಿಕೆಯಲ್ಲ, ಆವಿ ತಣಿದು ಪಾಡ್‌ನ ತಳದಲ್ಲಿ ಕೂಡುವ ಹನಿ. ವಾರಕ್ಕೆ ಎರಡು ಸಲ ಕಾಗದದಿಂದ ಒರೆಸಿದರೆ ಸಾಕು. ಒರೆಸದ ಒಂದು ವಾರ, ಗ್ರಾಹಕರ ಮುಂದೆ ವಾರ್ಷಿಕ ಲೆಕ್ಕ ಮಂಡಿಸುತ್ತಿದ್ದಾಗ, ನನ್ನ ಬಿಳಿ ಅಂಗಿಯ ಜೇಬಿನಲ್ಲಿ ಒಂದು ರೂಪಾಯಿಯಗಲದ ಕಲೆ ಮೂಡಿತ್ತು. ರುಚಿಗಳ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಮಾವು ತಂದ ದಿನ ಹೆಂಡತಿ, ‘ಏನ್ರೀ ಇದು, ಮನೇಲಿ ಮಾವಿನಹಣ್ಣಿನ ಅಗರಬತ್ತಿ ಹಚ್ಚಿದ ಹಾಗಿದೆ’ ಎಂದಳು. ಅಂದಿನಿಂದ ಪುದೀನ, ಅದೂ ಬಾಲ್ಕನಿಯಲ್ಲಿ.

ಬಂದ ಕೆಲಸವನ್ನು ಯಂತ್ರ ಮಾಡಿತೇ? ಮಾಡಿತು. ಒಂಬತ್ತನೆಯ ದಿನದಿಂದ ಸಿಗರೇಟು ಕೊಳ್ಳಲಿಲ್ಲ. ಇಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಸಿಗರೇಟಿನ ಟಾರ್ ಇಲ್ಲ. ನಿರಪಾಯ ಎಂದು ಇದರ ಅರ್ಥವಲ್ಲ, ಆದರೆ ಮನ್‌ಹೈಮ್ ನಿಲ್ದಾಣದ ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾದದ್ದು ಸುಳ್ಳಲ್ಲ. ಹಣವೂ ಉಳಿಯಿತು. ದಿನಕ್ಕೆ 12 ಸಿಗರೇಟು, ತಿಂಗಳಿಗೆ 18 ಪೊಟ್ಟಣ, ಪೊಟ್ಟಣಕ್ಕೆ 8 ಯೂರೋ ಮೇಲೆ, ಒಟ್ಟು ಹತ್ತಿರಹತ್ತಿರ 150 ಯೂರೋ. ವೇಪ್‌ನ ಮೊದಲ ತಿಂಗಳು ಲಿಕ್ವಿಡ್ ಮತ್ತು ಪಾಡ್ ಸೇರಿ 40 ಯೂರೋ. ಇಲ್ಲಿಗೆ ನಿಲ್ಲಿಸಿದ್ದರೆ ಇದು ಹೊಗಳಿಕೆಯ ಬರಹವಾಗುತ್ತಿತ್ತು.

ತೊಂದರೆ ಕಂಡದ್ದು ಲೆಕ್ಕ ತಾಳೆ ನೋಡುವಾಗ. ಸಿಗರೇಟಿಗೆ ಒಂದು ಕೊನೆ ಇರುತ್ತದೆ. ಬೆರಳಿಗೆ ಬಿಸಿ ತಾಗುತ್ತದೆ, ಆರಿಸುತ್ತೀರಿ, ಒಳಗೆ ಹೋಗುತ್ತೀರಿ. ದಿನದ ಕೊನೆಗೆ ಪೊಟ್ಟಣದಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಬಹುದು. ವೇಪ್‌ಗೆ ಆ ಕೊನೆ ಇಲ್ಲ. ಎರಡು ಎಳೆತ ಎಳೆದು ಜೇಬಿಗೆ, ನಾಲ್ಕು ನಿಮಿಷಕ್ಕೆ ಮತ್ತೆ ಎರಡು. ಇಲ್ಲಿಯ ರೈಲಿನೊಳಗೆ ಅದನ್ನು ಎಳೆಯುವಂತಿಲ್ಲ, ಪ್ಲಾಟ್‌ಫಾರಂನಲ್ಲೂ ಹಳದಿ ಗೆರೆ ಎಳೆದ ಚೌಕದೊಳಗೆ ನಿಂತೇ ಎಳೆಯಬೇಕು. ದಿನಾ ಫ್ರಾಂಕ್‌ಫರ್ಟ್‌ಗೆ ಓಡಾಡುವ ನನ್ನನ್ನು ಕಾಪಾಡಿದ್ದು ಆ ಚೌಕವೇ. ಮನೆಯಿಂದ ಕೆಲಸ ಮಾಡುವ ದಿನ ಅದೂ ಇಲ್ಲ.

ಆದ್ದರಿಂದ ಎಳೆತದ ಬದಲು ಮಿಲಿಲೀಟರ್ ಬರೆದಿಡತೊಡಗಿದೆ. ಮೊದಲು 20 ಮಿಲಿಗ್ರಾಂನ ಲಿಕ್ವಿಡ್, ದಿನಕ್ಕೆ ಒಂದೂವರೆ ಮಿಲಿಲೀಟರ್, ಅಂದರೆ 30 ಮಿಲಿಗ್ರಾಂ ನಿಕೋಟಿನ್ ಆವಿಯಾಗುತ್ತಿತ್ತು. ಬೇಸಿಗೆಯಲ್ಲಿ 10ಕ್ಕೆ ಇಳಿದೆ. ಬಳಕೆ ಎರಡೂವರೆಗೆ ಏರಿತು: 25 ಮಿಲಿಗ್ರಾಂ. ಅಕ್ಟೋಬರ್‌ನಲ್ಲಿ 6ಕ್ಕೆ ಇಳಿದೆ, ಗೆಳೆಯರ ಮುಂದೆ ಹೇಳಿಕೊಂಡೆ ಕೂಡ. ಬಳಕೆ 4 ಮಿಲಿಲೀಟರ್, ಅಂದರೆ 24 ಮಿಲಿಗ್ರಾಂ. ಸೀಸೆಯ ಮೇಲಿನ ಅಂಕಿ 20ರಿಂದ 6ಕ್ಕೆ ಬಂದಿತ್ತು, ಶೇಕಡಾ 70 ಇಳಿಕೆ. ಲೆಡ್ಜರ್‌ನಲ್ಲಿ ಇಳಿದದ್ದು ಶೇಕಡಾ 20. ಶಕ್ತಿ ಕಡಿಮೆ ಮಾಡಿದರೆ ದೇಹ ಹೆಚ್ಚು ಎಳೆದು ಬಾಕಿ ವಸೂಲಿ ಮಾಡಿಕೊಳ್ಳುತ್ತದೆ. ಈ ಯಂತ್ರ ಒಂದು ಮಾತಾಡದೆ ಅದಕ್ಕೆ ಸಹಕರಿಸುತ್ತದೆ.

ಇನ್ನು ತೆರಿಗೆ. ಜರ್ಮನಿ 2022ರ ಜುಲೈ 1ರಿಂದ ವೇಪ್ ಲಿಕ್ವಿಡ್‌ಗೆ ತಂಬಾಕು ತೆರಿಗೆ ಹಾಕಿತು, ಮಿಲಿಲೀಟರ್‌ಗೆ 16 ಸೆಂಟ್. 2024ರಲ್ಲಿ 20, 2025ರಲ್ಲಿ 26, ಈ ಜನವರಿಯಿಂದ 32 ಸೆಂಟ್. ಅದರ ಮೇಲೆ ಶೇಕಡಾ 19 ಮೌಲ್ಯವರ್ಧಿತ ತೆರಿಗೆ. ಗಮನಿಸಿ, ತೆರಿಗೆ ಬೀಳುವುದು ಮಿಲಿಲೀಟರ್‌ಗೆ, ನಿಕೋಟಿನ್‌ಗಲ್ಲ. 20 ಮಿಲಿಗ್ರಾಂ ಇರಲಿ, ನಿಕೋಟಿನ್ ಒಂದಿಷ್ಟೂ ಇಲ್ಲದಿರಲಿ, ದರ ಒಂದೇ. ಈಗಿನ ದರದಲ್ಲಿ ಮೊದಲಿನ ನಾನು, ತಿಂಗಳಿಗೆ 45 ಮಿಲಿಲೀಟರ್‌ನವನು, ಕಟ್ಟಬೇಕಾದದ್ದು 14 ಯೂರೋ 40 ಸೆಂಟ್. ‘ಸುಧಾರಿಸಿದ’ ನಾನು, 120 ಮಿಲಿಲೀಟರ್‌ನವನು, 38 ಯೂರೋ 40 ಸೆಂಟ್. ನಿಕೋಟಿನ್ ಇಳಿಸಲು ಹೊರಟವನಿಗೆ ತೆರಿಗೆ ಎರಡೂವರೆ ಪಟ್ಟು ಮೀರಿತು. ತೆರಿಗೆ ಕಾನೂನು ಓದಿ ಬದುಕುವವನು ನಾನು, ಹಣದ ಬಗ್ಗೆ ಅಳುತ್ತಿಲ್ಲ. ಆದರೆ ಕಡಿಮೆ ಮಾಡಿಕೊಳ್ಳುವವನಿಗಿಂತ ಗಟ್ಟಿ ಲಿಕ್ವಿಡ್ ಎಳೆಯುವವನಿಗೆ ಲಾಭವಾಗುವ ತೆರಿಗೆಯನ್ನು ಆರೋಗ್ಯದ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ.

ಸಂಕ್ರಾಂತಿಗೆ ಊರಿಗೆ ಹೊರಟಾಗ ವೇಪನ್ನು ಮೇಜಿನ ಡ್ರಾಯರ್‌ನಲ್ಲಿಟ್ಟೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತ್ತು. 2019ರ ಕೇಂದ್ರ ಕಾನೂನಿನ ಪ್ರಕಾರ ಆಮದು ಮಾಡಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ರಜೆಗೆ ಹೋಗುವ ಓದುಗರು ಇದನ್ನು ನೆನಪಿಡುವುದು ಒಳ್ಳೆಯದು. ನಿಷೇಧವನ್ನು ನಾನು ಹಾಸ್ಯ ಮಾಡಲಾರೆ. ಇಲ್ಲಿ ಹದಿನೆಂಟು ತುಂಬದವರಿಗೆ ಮಾರಬಾರದೆಂಬ ಕಾನೂನಿದ್ದರೂ, ಶಾಲೆ ಬಿಟ್ಟ ಹೊತ್ತಿನಲ್ಲಿ ಟ್ರಾಮ್ ನಿಲ್ದಾಣದಲ್ಲಿ ಬಣ್ಣಬಣ್ಣದ ವೇಪ್ ಹಿಡಿದ ಹುಡುಗರನ್ನು ನೋಡುತ್ತೇನೆ.

ಊರಿನಲ್ಲಿ ಹರಾಜಿನ ಕಾಲ. ಅಂಗಳದಲ್ಲಿ ಅಪ್ಪನ ಬೇಲುಗಳು ಕಟ್ಟೆಮಳಲವಾಡಿ ಮಾರುಕಟ್ಟೆಗೆ ಹೋಗಲು ಸಾಲಾಗಿ ಕೂತಿದ್ದವು. ಮೊದಲ ದಿನ ತಲೆನೋವು, ಎರಡನೆಯ ದಿನ ಎಲ್ಲರ ಮೇಲೂ ಸಿಡುಕು. ಮೂರನೆಯ ದಿನ ಸಂಜೆ ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಲ್ಲಿ ಬಿಡಿ ಸಿಗರೇಟು ಕೇಳಿದೆ. ಬೆಂಕಿಪೊಟ್ಟಣವೂ ಪಕ್ಕದಲ್ಲೇ ದಾರಕ್ಕೆ ನೇತಾಡುತ್ತಿತ್ತು. ಮನೆಗೆ ಬಂದಾಗ ಅವ್ವ ಹತ್ತಿರ ಬಂದು ಮೂಸಿ, ‘ಯಾಕ್ಲಾ, ಬುಟ್ಬುಟ್ಟೆ ಅಂತ ಫೋನ್ನಾಗೆ ಅಂದಿದ್ದೆ?’ ಎಂದಳು. ಅಪ್ಪ ಬೇಲಿನ ಹಗ್ಗ ಬಿಗಿಯುತ್ತಿದ್ದವರು ತಲೆ ಎತ್ತಲಿಲ್ಲ. ಹತ್ತು ತಿಂಗಳು ನಾನು ಬರೆದಿಟ್ಟ ಲೆಕ್ಕದಲ್ಲಿ ‘ಬಿಟ್ಟಿದ್ದೇನೆ’ ಎಂಬ ನಮೂದು ತಪ್ಪಾಗಿತ್ತು. ಸಾಲ ತೀರಿರಲಿಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಗಿತ್ತಷ್ಟೆ. ಮೂರು ವಾರಗಳಲ್ಲಿ ಒಟ್ಟು 31 ಸಿಗರೇಟು. ಎಣಿಸಿದ್ದೇನೆ.

ಯಾರು ಕೊಳ್ಳಬಹುದು? ಸಿಗರೇಟು ಸೇದದವರು ಈ ಅಂಗಡಿಯ ಬಾಗಿಲಿಗೂ ಹೋಗಬೇಡಿ. ಸೇದುವವರು, ಬಿಡಲು ಬೇರೆ ದಾರಿ ಕಾಣದವರು, ಎಸೆಯುವ ವೇಪ್ ಬಿಟ್ಟು ಇಂಥ ತುಂಬಿಸುವುದನ್ನೇ ಕೊಳ್ಳಿ. ಕಸವೂ ಕಡಿಮೆ, ಬಳಸಿದ್ದು ಎಷ್ಟು ಎಂದೂ ಗೊತ್ತಾಗುತ್ತದೆ. ಆದರೆ ಸೀಸೆ ಕೊಂಡ ತಾರೀಖು ಅದರ ಮೇಲೆ ಬರೆದಿಡಿ. ಶಕ್ತಿಯನ್ನು ಮಾತ್ರ ನೋಡಬೇಡಿ, ಅದನ್ನು ಮಿಲಿಲೀಟರ್‌ನಿಂದ ಗುಣಿಸಿ ನೋಡಿ.

ವಾಪಸ್ ಬಂದ ಮೇಲೆ ಡ್ರಾಯರ್ ತೆರೆದೆ. ಪಾಡ್‌ನಲ್ಲಿ ಉಳಿದದ್ದು ಕಂದು ಬಣ್ಣಕ್ಕೆ ತಿರುಗಿತ್ತು, ಎಸೆದೆ. ಹೊಸ ಪಾಡ್ ಹಾಕಿ, 6 ಮಿಲಿಗ್ರಾಂನ ಲಿಕ್ವಿಡ್ ತುಂಬಿ, ಸೀಸೆಯನ್ನು ಹೆಂಡತಿಯ ಕೈಗೆ ಕೊಟ್ಟೆ. ಬೆಳಿಗ್ಗೆ ಒಂದು ಸಲ ತುಂಬಿಸುವುದು, ಸೀಸೆ ಮನೆಯಲ್ಲೇ ಇರುವುದು ಎಂದು ಒಪ್ಪಂದ. ನಾನು ಗೊಣಗುತ್ತಿದ್ದ ಆ 2 ಮಿಲಿಲೀಟರಿನ ಮಿತಿಯೇ ಈಗ ಈ ಯಂತ್ರದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಭಾಗ: ದಿನಕ್ಕೆ 12 ಮಿಲಿಗ್ರಾಂ, ಅಲ್ಲಿಗೆ ಮುಗಿಯಿತು. ಈ ವಾರದ ಲೆಕ್ಕ ಹೀಗಿದೆ: ಐದು ದಿನ 2 ಮಿಲಿಲೀಟರ್, ಶನಿವಾರ 3, ಭಾನುವಾರ 4.